ತಲೆಗೆ ಯಾವ ಎಣ್ಣೆ? ಆರಿಸುವುದರಿಂದ ತೊಳೆಯುವವರೆಗೆ ಸಮಗ್ರ ಮಾರ್ಗದರ್ಶಿ

ಸೂಪರ್ ಮಾರ್ಕೆಟ್ಟಿನಲ್ಲಿ ತಲೆಗೆಣ್ಣೆಯ ಸಾಲಿನ ಮುಂದೆ ನಿಂತವರಿಗೆ ಗೊತ್ತು, ಆರಿಸುವುದು ಎಷ್ಟು ಕಷ್ಟ ಅಂತ. ಕೊಬ್ಬರಿ, ಬಾದಾಮಿ, ಈರುಳ್ಳಿ, ಭೃಂಗರಾಜ, ರೋಸ್‌ಮೆರಿ, ಅರ್ಗಾನ್. ಎಲ್ಲವೂ ಕೂದಲು ಉದುರುವುದನ್ನು ನಿಲ್ಲಿಸುತ್ತವಂತೆ. ಮನೆಗೆ ಬಂದರೆ ಅತ್ತೆ ಹರಳೆಣ್ಣೆ ಅನ್ನುತ್ತಾರೆ, ಪಕ್ಕದ ಮನೆಯವರು ದಾಸವಾಳ ಅನ್ನುತ್ತಾರೆ, ಫೋನ್ ತೆರೆದರೆ ಇನ್ನೇನೋ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಮೊದಲು ನಿಮ್ಮ ನೆತ್ತಿ, ನಿಮ್ಮ ಕೂದಲು, ನಿಮ್ಮ ಮನೆಯ ನೀರು ಹೇಗಿದೆ ನೋಡಿಕೊಳ್ಳಿ. ಆಮೇಲೆ ಎಣ್ಣೆ. ಕಲಬೆರಕೆ ಇಲ್ಲದ, ತಾಜಾ ಇರುವ ಒಂದು ಸಾದಾ ಎಣ್ಣೆಯನ್ನು ಬೇಕಾದ ಜಾಗಕ್ಕೆ, ಬೇಕಾದಷ್ಟೇ ಹಚ್ಚಿ ಚೆನ್ನಾಗಿ ತೊಳೆದರೆ ಹೆಚ್ಚಿನವರಿಗೆ ಸಾಕು. ದುಬಾರಿ ಬಾಟಲಿ ಬೇಕಾಗುವುದಿಲ್ಲ.

ಎಣ್ಣೆಯಿಂದ ಆಗುವುದು, ಆಗದಿರುವುದು

ನೆತ್ತಿಯಿಂದ ಹೊರಗೆ ಕಾಣುವ ಕೂದಲಿಗೆ ಜೀವವಿಲ್ಲ. ಕತ್ತರಿಸಿದರೆ ನೋವಾಗದಿರುವುದು ಅದಕ್ಕೇ. ಜೀವ ಇರುವುದು ಚರ್ಮದೊಳಗಿನ ಬುಡದಲ್ಲಿ. ಅದಕ್ಕೆ ಪೋಷಣೆ ಸಿಗುವುದು ರಕ್ತದಿಂದ. ಮೇಲಿನಿಂದ ಹಚ್ಚಿದ ಎಣ್ಣೆ ಬುಡಕ್ಕೆ ಊಟವಾಗುವುದಿಲ್ಲ. ಹೊಸ ಕೂದಲು ಹುಟ್ಟಿಸುತ್ತದೆ ಎಂದು ಅಡುಗೆಮನೆಯ ಯಾವ ಎಣ್ಣೆಯ ಬಗ್ಗೆಯೂ ಗಟ್ಟಿ ಪುರಾವೆ ಇಲ್ಲ.

ಹಾಗಿದ್ದರೆ ಹಚ್ಚುವುದು ಯಾಕೆ? ಇರುವ ಕೂದಲನ್ನು ಉಳಿಸಿಕೊಳ್ಳುವುದಕ್ಕೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಎರಡಡಿ ಉದ್ದದ ಜಡೆಯ ತುದಿಗೆ ಹತ್ತಿರಹತ್ತಿರ 5 ವರ್ಷ ವಯಸ್ಸು. ಅಷ್ಟು ದಿನ ಅದು ನೂರಾರು ಸಲ ನೆನೆದಿದೆ, ಒಣಗಿದೆ, ಬಾಚಣಿಗೆಗೆ ಸಿಕ್ಕಿದೆ, ಬಿಸಿಲು ಕಂಡಿದೆ. ನೀರು ಕುಡಿದಾಗ ಕೂದಲೆಳೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೀಗೆ ಪದೇಪದೇ ಆಗುತ್ತಾ ಎಳೆಯ ಮೇಲಿನ ಹೊದಿಕೆ ಕಿತ್ತುಹೋಗಿ ತುದಿ ಸೀಳುತ್ತದೆ, ನಡುವೆಯೇ ತುಂಡಾಗುತ್ತದೆ. ಸ್ನಾನಕ್ಕೆ ಮೊದಲು ಎಣ್ಣೆ ಹಚ್ಚಿದರೆ ಎಳೆಯೊಳಗೆ ನುಗ್ಗುವ ನೀರು ಕಡಿಮೆಯಾಗುತ್ತದೆ, ಸಿಕ್ಕು ಬಿಡಿಸುವಾಗ ಎಳೆತವೂ ಕಡಿಮೆಯಾಗುತ್ತದೆ. ತುಂಡಾಗುವುದು ತಗ್ಗಿದರೆ ಜಡೆ ತಾನಾಗಿ ಉದ್ದ ಕಾಣುತ್ತದೆ, ದಪ್ಪ ಕಾಣುತ್ತದೆ. 'ಎಣ್ಣೆ ಹಚ್ಚಿದ ಮೇಲೆ ಕೂದಲು ಬೆಳೀತು' ಎನ್ನುವವರು ಸುಳ್ಳು ಹೇಳುತ್ತಿಲ್ಲ. ತುಂಡಾಗಿ ಹೋಗಬೇಕಿದ್ದ ಕೂದಲು ಉಳಿದುಕೊಂಡಿತು, ಅಷ್ಟೇ.

ಹಂತ 1: ನಿಮ್ಮ ತಲೆಯನ್ನು ನೋಡಿಕೊಳ್ಳಿ

ನೆತ್ತಿ ಬೇರೆ, ಕೂದಲಿನ ಉದ್ದ ಬೇರೆ. ಎಷ್ಟೋ ಜನರಿಗೆ ನೆತ್ತಿ ಜಿಡ್ಡು, ತುದಿ ಒಣ. ಅಂಥವರು ನೆತ್ತಿಗೆ ಎಣ್ಣೆ ಸುರಿದು ತುದಿಯನ್ನು ಹಾಗೇ ಬಿಡುತ್ತಾರೆ. ಆಗಬೇಕಾದ್ದು ಅದಕ್ಕೆ ಉಲ್ಟಾ.

ಎಣ್ಣೆ ಇಲ್ಲದೆ ತಲೆ ತೊಳೆದು ಒಂದು ದಿನ ಬಿಡಿ. ಮಾರನೇ ದಿನ ಬೆಳಿಗ್ಗೆ ಟಿಶ್ಯೂ ಕಾಗದವನ್ನು ನೆತ್ತಿಗೆ ಒತ್ತಿ ನೋಡಿ. ಜಿಡ್ಡಿನ ಕಲೆ ಬಿದ್ದರೆ ನಿಮ್ಮ ನೆತ್ತಿ ತನಗೆ ಬೇಕಾದ ಎಣ್ಣೆಯನ್ನು ತಾನೇ ಮಾಡಿಕೊಳ್ಳುತ್ತಿದೆ. ಅಲ್ಲಿಗೆ ಹೊರಗಿನದು ಜಾಸ್ತಿ ಬೇಡ. ಚರ್ಮ ಬಿಗಿದಂತೆ, ತುರಿಸಿದಂತೆ ಅನ್ನಿಸಿದರೆ ಒಣ ನೆತ್ತಿ.

ಇನ್ನು ಉದುರುವ ಕೂದಲು. ಬಾಚಣಿಗೆಗೆ ಸಿಕ್ಕಿದ್ದನ್ನು ಬಿಸಾಡಬೇಡಿ, ಬಿಳಿ ಕಾಗದದ ಮೇಲೆ ಹರಡಿ ಬೆಳಕಿನಲ್ಲಿ ನೋಡಿ. ಉದ್ದದ ಕೂದಲು, ಒಂದು ತುದಿಯಲ್ಲಿ ಗಸಗಸೆಗಿಂತ ಚಿಕ್ಕ ಬಿಳಿ ಗಂಟು ಇದ್ದರೆ ಅದು ಬುಡದಿಂದ ಉದುರಿದ್ದು. ಬೇರೆಬೇರೆ ಅಳತೆಯ ಗಿಡ್ಡ ತುಂಡುಗಳು, ಎರಡೂ ಕಡೆ ಗಂಟಿಲ್ಲ ಎಂದರೆ ಅದು ಮುರಿದಿದ್ದು. ಮುರಿಯುವ ಕೂದಲಿಗೆ ಎಣ್ಣೆ ನಿಜಕ್ಕೂ ಸಹಾಯ ಮಾಡುತ್ತದೆ. ಬುಡದಿಂದ ಉದುರುವುದಕ್ಕೆ ಕಾರಣ ಬೇರೆ ಇರುತ್ತದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ವಾರಕ್ಕೊಮ್ಮೆ ಬಾಚುವವರಿಗೆ ಒಂದೇ ಸಲಕ್ಕೆ ಹಿಡಿ ತುಂಬ ಕಾಣುವುದೂ ಸಹಜ.

ಎಳೆ ತೆಳುವೋ ದಪ್ಪವೋ? ಒಂದೇ ಒಂದು ಕೂದಲನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ. ಬೆರಳಿಗೆ ಏನೂ ತಾಕದಿದ್ದರೆ ತೆಳು, ದಾರದಂತೆ ಸ್ಪಷ್ಟವಾಗಿ ತಾಕಿದರೆ ದಪ್ಪ. ತೆಳು ಕೂದಲಿಗೆ ಮಂದ ಎಣ್ಣೆ ಹಚ್ಚಿದರೆ ತಲೆಗೆ ಅಂಟಿಕೊಂಡು ಇನ್ನೂ ಕಡಿಮೆ ಕಾಣುತ್ತದೆ. ಗುಂಗುರು ಕೂದಲು ಸಹಜವಾಗಿ ಒಣ, ಅದಕ್ಕೆ ಸ್ವಲ್ಪ ಜಾಸ್ತಿ ಬೇಕು. ಬಣ್ಣ ಹಾಕಿಸಿದ, ಬ್ಲೀಚ್ ಮಾಡಿಸಿದ, ಸ್ಟ್ರೇಟ್ ಮಾಡಿಸಿದ ಕೂದಲಿಗೆ ಸ್ನಾನಕ್ಕೆ ಮೊದಲಿನ ಎಣ್ಣೆ ಬೇಕೇ ಬೇಕು.

ಕೊನೆಗೆ ನೀರು. ನಲ್ಲಿಯ ಮೇಲೆ, ಬಕೆಟ್ಟಿನ ಅಂಚಿನಲ್ಲಿ ಬಿಳಿ ಪದರ ಕಟ್ಟುತ್ತದೆಯಾ? ಬೆಂಗಳೂರಿನ ಹೊರವಲಯದಲ್ಲಿ, ಕೋಲಾರದ ಕಡೆ ಬೋರ್‌ವೆಲ್ ನೀರಿನಲ್ಲಿ ಸ್ನಾನ ಮಾಡುವವರಿಗೆ ಇದು ಹೊಸದಲ್ಲ. ಗಡಸು ನೀರಿನಲ್ಲಿ ಮಂದ ಎಣ್ಣೆ ಬಿಡಿಸುವುದು ಕಷ್ಟ. ಇಂಥ ಮನೆಯವರು ತಿಳಿಯಾದ ಎಣ್ಣೆ ಆರಿಸಿ, ಅದನ್ನೂ ಕಡಿಮೆ ಹಚ್ಚಿ.

ಹಂತ 2: ಎಣ್ಣೆ ಆರಿಸಿ

*ಕೊಬ್ಬರಿ ಎಣ್ಣೆ.* ಯಾವುದು ಎಂದು ತಿಳಿಯದಿದ್ದರೆ ಇದರಿಂದ ಶುರು ಮಾಡಿ. ಹೆಚ್ಚಿನ ಎಣ್ಣೆಗಳು ಎಳೆಯ ಮೇಲೇ ಕೂರುತ್ತವೆ. ಕೊಬ್ಬರಿ ಎಣ್ಣೆ ಒಳಗೆ ಇಳಿಯುತ್ತದೆ. ಇದರಲ್ಲಿ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ. ಅದರ ಅಣು ಚಿಕ್ಕದು, ನೇರ, ಕೂದಲಿನ ಪ್ರೋಟೀನ್‌ಗೆ ಹೊಂದಿಕೊಳ್ಳುವಂಥದ್ದು. 2003ರಲ್ಲಿ ಮುಂಬೈನ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಪೆಟ್ರೋಲಿಯಂನಿಂದ ಬರುವ ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಹೋಗುವುದನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲೂ ತೊಳೆಯುವ ಮೊದಲು ಹಚ್ಚಿದಾಗ ಲಾಭ ಜಾಸ್ತಿ. ಆ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಎನ್ನುವುದನ್ನೂ ಓದುಗರು ತಿಳಿದಿರಬೇಕು. ಆದರೂ ಎಳೆಯೊಳಗೆ ಇಳಿಯುವ ಗುಣವನ್ನು ಆಮೇಲಿನ ಬೇರೆ ಪ್ರಯೋಗಗಳೂ ತೋರಿಸಿವೆ. ಕೆಲವರಿಗೆ, ಮುಖ್ಯವಾಗಿ ಒರಟು ಕೂದಲಿನವರಿಗೆ, ಕೊಬ್ಬರಿ ಎಣ್ಣೆಯಿಂದ ಕೂದಲು ಕಡ್ಡಿಯಂತೆ ಬಿರುಸಾಗುತ್ತದೆ. ಹಾಗಾದರೆ ಪ್ರಮಾಣ ಇಳಿಸಿ, ಇಲ್ಲವೇ ಎಳ್ಳೆಣ್ಣೆಗೆ ಹೋಗಿ.

*ಎಳ್ಳೆಣ್ಣೆ.* ನರಕ ಚತುರ್ದಶಿಯ ಬೆಳಿಗ್ಗೆ, ಯುಗಾದಿಯ ದಿನ ಎಣ್ಣೆಸ್ನಾನ ಮಾಡುವ ಮನೆಗಳಿಗೆ ಇದು ಹಳೇ ಪರಿಚಯ. ಆಯುರ್ವೇದದಲ್ಲಿ ತೈಲ ಎಂದರೆ ಮೊದಲು ಎಳ್ಳೆಣ್ಣೆಯೇ. ಇದರಲ್ಲಿರುವ ಸೆಸಮಾಲ್‌ನಂಥ ಅಂಶಗಳಿಂದ ಇದು ಬೇಗ ಕೆಡುವುದಿಲ್ಲ. ಒಣ ನೆತ್ತಿಗೆ, ಒರಟು ಕೂದಲಿಗೆ ಒಳ್ಳೆಯದು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆಯಂತೆ ಗಟ್ಟಿಯಾಗುವುದಿಲ್ಲ ಎನ್ನುವುದೂ ಅನುಕೂಲ. ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ಆಫೀಸಿಗೆ ಹೋಗುವವರು ರಜಾ ದಿನ ಹಚ್ಚಿಕೊಳ್ಳಿ. ಎಳ್ಳಿನ ಅಲರ್ಜಿ ಇರುವವರು ಇದರಿಂದ ದೂರ ಇರಬೇಕು.

*ಹರಳೆಣ್ಣೆ.* ಉತ್ತರ ಕರ್ನಾಟಕದಲ್ಲಿ ಔಡಲ ಎಣ್ಣೆ. ಹಳ್ಳಿಗಳಲ್ಲಿ ಬೀಜ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಬಸಿದು ತೆಗೆಯುತ್ತಿದ್ದರು. ನೆತ್ತಿಗೆ ತಟ್ಟಿದರೆ ತಂಪು ಎನ್ನುವುದು ಹಿರಿಯರ ಅನುಭವ, ಆ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹುಬ್ಬು ಬೆಳೆಯುತ್ತದೆ, ಬೋಳಾದಲ್ಲಿ ಕೂದಲು ಬರುತ್ತದೆ ಎಂಬ ಪ್ರಚಾರಕ್ಕೆ ಗಟ್ಟಿ ಆಧಾರವಿಲ್ಲ. ಇದರಲ್ಲಿ ನೂರಕ್ಕೆ ಸುಮಾರು 90 ಭಾಗ ರಿಸಿನೋಲಿಕ್ ಆಮ್ಲ, ಅದಕ್ಕೇ ಇಷ್ಟು ಮಂದ, ಇಷ್ಟು ಅಂಟು. ಉದ್ದ ಕೂದಲಿನವರು ಇದನ್ನು ಬರೀ ಹಾಗೇ ತಲೆ ತುಂಬ ಸುರಿದುಕೊಳ್ಳಬೇಡಿ. ಹರಳೆಣ್ಣೆ, ಕೊಬ್ಬರಿ ಎಣ್ಣೆ ಬೆರೆಸಿ ಹಚ್ಚಿ ತೊಳೆದ ಯುವತಿಯೊಬ್ಬಳ ಉದ್ದ ಕೂದಲು ಒಮ್ಮೆಲೇ ಕಂಬಳಿಯಂತೆ ಗಂಟು ಕಟ್ಟಿ, ಬಿಡಿಸಲಾಗದೆ ಕತ್ತರಿಸಬೇಕಾಯಿತು ಎಂಬ ವೈದ್ಯಕೀಯ ವರದಿ 2017ರಲ್ಲಿ ಪ್ರಕಟವಾಗಿದೆ. ಇಂಥದ್ದು ಬಹಳ ಅಪರೂಪ. ಆದರೂ ಒಂದು ಚಮಚ ಹರಳೆಣ್ಣೆಗೆ ನಾಲ್ಕು ಚಮಚ ತಿಳಿ ಎಣ್ಣೆ ಬೆರೆಸಿ ಸ್ವಲ್ಪವೇ ಹಚ್ಚುವುದು, ತೊಳೆಯುವಾಗ ಕೂದಲನ್ನು ನೆತ್ತಿಯ ಮೇಲೆ ಮುದ್ದೆ ಮಾಡಿ ಉಜ್ಜದಿರುವುದು ಕ್ಷೇಮ. ಇನ್ನೊಂದು ಮಾತು. ಮನೆಯಲ್ಲಿ ಹರಳು ಬೀಜ ಇಟ್ಟಿದ್ದರೆ ಮಕ್ಕಳ ಕೈಗೆ ಸಿಗದಂತೆ ಇಡಿ. ಬೀಜದಲ್ಲಿರುವ ರಿಸಿನ್ ಭಾರೀ ವಿಷ.

*ಬಾದಾಮಿ ಎಣ್ಣೆ* ತಿಳಿ, ತೆಳು ಕೂದಲಿಗೆ ಹೊಂದುತ್ತದೆ, ತುದಿಗೆ ಎರಡು ಹನಿ ಸವರಲು ಚೆನ್ನ. ಬೆಲೆ ಜಾಸ್ತಿ. 'ಬಾದಾಮಿ ಹೇರ್ ಆಯಿಲ್' ಎಂದು ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಬೇರೆಯೇ ಪದಾರ್ಥ, ಅದು ಮುಂದಿನ ಹಂತದಲ್ಲಿ. ಆಲಿವ್ ಎಣ್ಣೆ ಮನೆಯಲ್ಲಿದ್ದರೆ ಬಳಸಿ, ಇಲ್ಲದಿದ್ದರೆ ಕೊಳ್ಳುವ ಅಗತ್ಯ ಇಲ್ಲ. ಮೊರಾಕ್ಕೊದಿಂದ ಬರುವ ಅರ್ಗಾನ್ ಎಣ್ಣೆಯೂ ಅಷ್ಟೇ. ಕುಸುಬೆ, ಸೂರ್ಯಕಾಂತಿ ಎಣ್ಣೆ ಕೂದಲಿಗೆ ಹೊಳಪು ಕೊಡುತ್ತವೆ, ಆದರೆ ತೆರೆದಿಟ್ಟರೆ ಬೇಗ ಕಮಟು ಹಿಡಿಯುತ್ತವೆ.

ಸಾಸಿವೆ ಎಣ್ಣೆ ಉತ್ತರ ಭಾರತದವರ ಅಭ್ಯಾಸ. ಅದರ ಘಾಟು ನಮ್ಮಲ್ಲಿ ಹಲವರ ಚರ್ಮಕ್ಕೆ ಉರಿ ತರುತ್ತದೆ, ಎಳೆ ಮಕ್ಕಳಿಗಂತೂ ಬೇಡ. ಬೇವಿನ ಎಣ್ಣೆ, ಹೊಂಗೆ ಎಣ್ಣೆ ದಿನಬಳಕೆಗೆ ಅಲ್ಲ. ಬೇವಿನ ಎಣ್ಣೆ ಬಳಸುವುದಾದರೆ ಹತ್ತು ಚಮಚ ಕೊಬ್ಬರಿ ಎಣ್ಣೆಗೆ ಒಂದು ಚಮಚದಷ್ಟು ಸಾಕು. ಅದು ಮಕ್ಕಳ ಹೊಟ್ಟೆಗೆ ಹೋದರೆ ಅಪಾಯ, ಅದಕ್ಕೆ ಎತ್ತರದಲ್ಲಿಡಿ.

*ರೋಸ್‌ಮೆರಿ.* ಈಗ ಎಲ್ಲರೂ ಕೇಳುವುದು ಇದನ್ನೇ. 2015ರಲ್ಲಿ ಇರಾನಿನಲ್ಲಿ, ವಂಶವಾಹಿ ಕಾರಣದಿಂದ ಕೂದಲು ಕಡಿಮೆಯಾಗುತ್ತಿದ್ದ 100 ಜನರ ಮೇಲೆ ಅಧ್ಯಯನ ನಡೆಯಿತು. ಅರ್ಧ ಜನಕ್ಕೆ ರೋಸ್‌ಮೆರಿ ಎಣ್ಣೆ, ಅರ್ಧ ಜನಕ್ಕೆ ಕೂದಲು ಬೆಳೆಸಲು ಹಚ್ಚುವ ಔಷಧಿಯಾದ 2 ಪರ್ಸೆಂಟ್ ಮಿನಾಕ್ಸಿಡಿಲ್. ಆರು ತಿಂಗಳ ಕೊನೆಗೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಫಲ. ಆಸೆ ಹುಟ್ಟಿಸುವ ಸುದ್ದಿ ನಿಜ. ಆದರೆ ಅಧ್ಯಯನ ಚಿಕ್ಕದು, ಏನೂ ಹಚ್ಚದ ಗುಂಪು ಅದರಲ್ಲಿರಲಿಲ್ಲ. ಪ್ರಯತ್ನಿಸುವುದಾದರೆ ಗಮನಿಸಿ: ಸಣ್ಣ ಬಾಟಲಿಯಲ್ಲಿ ಸಿಗುವ ಎಸೆನ್ಷಿಯಲ್ ಆಯಿಲ್, ಅಂದರೆ ಗಿಡದಿಂದ ತೆಗೆದ ಗಟ್ಟಿ ಸಾರ, ತುಂಬ ತೀಕ್ಷ್ಣ, ನೇರವಾಗಿ ನೆತ್ತಿಗೆ ಹಚ್ಚಲೇಬಾರದು. 30 ಮಿಲಿ ಕೊಬ್ಬರಿ ಅಥವಾ ಬಾದಾಮಿ ಎಣ್ಣೆಗೆ 6 ಹನಿ ಹಾಕಿದರೆ ಸುಮಾರು 1 ಪರ್ಸೆಂಟ್ ಆಗುತ್ತದೆ, ಅಲ್ಲಿಂದ ಶುರು ಮಾಡಿ. ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬೇಡಿ.

ಹಂತ 3: ಕೊಳ್ಳುವಾಗ ಮೋಸ ಹೋಗದಿರಿ

ಬಾಟಲಿಯ ಮುಂಭಾಗದ ಚಿತ್ರ ಬಿಟ್ಟು ಹಿಂದೆ ತಿರುಗಿಸಿ. ಪದಾರ್ಥಗಳ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ. ಮೊದಲ ಹೆಸರೇ ಲೈಟ್ ಲಿಕ್ವಿಡ್ ಪ್ಯಾರಾಫಿನ್ ಅಥವಾ ಮಿನರಲ್ ಆಯಿಲ್ ಎಂದಿದ್ದರೆ ಅದು ಪೆಟ್ರೋಲಿಯಂನಿಂದ ಬಂದದ್ದು. ಬಾದಾಮಿ, ಆಮ್ಲಾ, ಭೃಂಗರಾಜ ಎಲ್ಲ ಆಮೇಲೆ ಚೂರುಚೂರು. ಶುದ್ಧೀಕರಿಸಿದ ಮಿನರಲ್ ಆಯಿಲ್ ವಿಷವೇನಲ್ಲ, ಕೂದಲು ನುಣುಪಾಗಿಯೂ ಕಾಣುತ್ತದೆ. ಆದರೆ ನೀವು ಬಾದಾಮಿಗೆ ದುಡ್ಡು ಕೊಟ್ಟು ಪ್ಯಾರಾಫಿನ್ ತರುತ್ತಿದ್ದೀರಿ ಎನ್ನುವುದು ಗೊತ್ತಿರಲಿ.

ಶುದ್ಧ ಕೊಬ್ಬರಿ ಎಣ್ಣೆ ಬೇಕಾದರೆ ತಿನ್ನಲು ಯೋಗ್ಯ ಎಂದು ಬರೆದ ಬಾಟಲಿಯನ್ನೇ ತನ್ನಿ. ಅದರ ಮೇಲೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ, ಹಸಿರು ಚುಕ್ಕಿ ಇರುತ್ತದೆ. ಚಿಕ್ಕ ಬಾಟಲಿಯ ಕೊಬ್ಬರಿ ಎಣ್ಣೆ ಅಡುಗೆಯದೋ ತಲೆಯದೋ ಎಂಬ ತೆರಿಗೆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಬಾಟಲಿ ಚಿಕ್ಕದು ಎಂಬ ಒಂದೇ ಕಾರಣಕ್ಕೆ ಅದನ್ನು ಹೇರ್ ಆಯಿಲ್ ಎನ್ನಲಾಗದು ಎಂದು 2024ರ ಡಿಸೆಂಬರ್‌ನಲ್ಲಿ ಕೋರ್ಟು ಹೇಳಿತು.

ಗಾಣದ ಎಣ್ಣೆ ಸಿಗುವ ಊರಿನವರು ಪುಣ್ಯವಂತರು. ಎದುರಿಗೇ ಆಡಿಸಿಕೊಡುವ ಗಾಣವಾದರೆ ಇನ್ನೂ ಒಳ್ಳೆಯದು. ಹೋದಾಗ ಒರಳಿಗೆ ಏನು ಸುರಿಯುತ್ತಿದ್ದಾರೆ ನೋಡಿ. ಕೊಬ್ಬರಿ ಹೋಳು ಬೆಳ್ಳಗೆ, ಒಣಗಿ, ಮುರಿದರೆ ಟಕ್ ಎನ್ನಬೇಕು. ಹಸಿರು ಬೂಷ್ಟು ಹಿಡಿದ ಹೋಳು, ಗಂಧಕದ ಘಾಟು ಇದ್ದರೆ ಬೇಡ. ಆಗಷ್ಟೇ ತೆಗೆದ ಎಣ್ಣೆ ಮಬ್ಬಾಗಿರುತ್ತದೆ. ಎರಡು ಮೂರು ದಿನ ಅಲುಗಾಡಿಸದೆ ಇಟ್ಟರೆ ಮಡ್ಡಿ ಕೆಳಗಿಳಿದು ಮೇಲೆ ತಿಳಿಯಾಗುತ್ತದೆ. ಆ ತಿಳಿಯನ್ನು ಮಾತ್ರ ಒಣ ಬಾಟಲಿಗೆ ಬಗ್ಗಿಸಿಕೊಳ್ಳಿ. ಮಡ್ಡಿ ಉಳಿದರೆ ಎಣ್ಣೆ ಬೇಗ ಕೆಡುತ್ತದೆ.

ಬೆಲೆಯಲ್ಲೇ ಕಲಬೆರಕೆಯ ಸುಳಿವು ಸಿಗುತ್ತದೆ. ಒಂದು ಲೀಟರ್ ಎಣ್ಣೆಗೆ ಸುಮಾರು ಒಂದೂವರೆ ಕೆ.ಜಿ. ಕೊಬ್ಬರಿ ಬೇಕು. ಎಳ್ಳಾದರೆ ಎರಡರಿಂದ ಎರಡೂವರೆ ಕೆ.ಜಿ. ಅಂಗಡಿಯಲ್ಲಿ ಎಳ್ಳಿನ ಬೆಲೆ ಕೇಳಿ, ಲೆಕ್ಕ ಹಾಕಿ. ಎಳ್ಳಿನ ಬೆಲೆಗಿಂತ ಅಗ್ಗಕ್ಕೆ ಎಳ್ಳೆಣ್ಣೆ ಕೊಡಲು ಯಾರಿಗೂ ಸಾಧ್ಯವಿಲ್ಲ ಅಲ್ವಾ? ಕೊಬ್ಬರಿಯಲ್ಲಿ ಮಾತ್ರ ಒಂದು ಎಚ್ಚರ. ತಿಪಟೂರು ಮಾರುಕಟ್ಟೆಯ ಉಂಡೆ ಕೊಬ್ಬರಿ ತಿನ್ನುವ ಕೊಬ್ಬರಿ, ಅದರ ದರ ಜಾಸ್ತಿ. ಎಣ್ಣೆಗೆ ಹೋಗುವುದು ಹೋಳು ಕೊಬ್ಬರಿ. 2025ರಲ್ಲಿ ಕೊಬ್ಬರಿ ಬೆಲೆ ವಿಪರೀತ ಏರಿತ್ತು. ಇಂಥ ಸಮಯದಲ್ಲಿ ಹಳೇ ದರಕ್ಕೇ ಎಣ್ಣೆ ಕೊಡುವವರನ್ನು ನಾನಂತೂ ನಂಬುವುದಿಲ್ಲ.

ಫ್ರಿಜ್ ಪರೀಕ್ಷೆ ಎಲ್ಲರಿಗೂ ಗೊತ್ತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಗಾಜಿನ ಲೋಟದಲ್ಲಿ ಸ್ವಲ್ಪ ಹಾಕಿ ಒಂದೆರಡು ಗಂಟೆ ಫ್ರಿಜ್ಜಿನಲ್ಲಿಡಿ. ಮೇಲೆ ನೀರಾದ ಪದರ ಉಳಿದರೆ ಬೇರೆ ಎಣ್ಣೆ ಸೇರಿದೆ ಎಂದು ಅನುಮಾನಿಸಬಹುದು. ಪೂರ್ತಿ ಗಟ್ಟಿಯಾದರೆ ಶುದ್ಧ ಎಂದು ಮಾತ್ರ ತೀರ್ಮಾನಿಸಬೇಡಿ. ತಾಳೆ ಬೀಜದ ಎಣ್ಣೆಯೂ ಹೀಗೇ ಹೆಪ್ಪುಗಟ್ಟುತ್ತದೆ, ಅದನ್ನು ಈ ಪರೀಕ್ಷೆ ಹಿಡಿಯಲಾರದು.

ಹಂತ 4: ಮನೆಯಲ್ಲೇ ಎಣ್ಣೆ ಕಾಯಿಸುವುದಾದರೆ

ಕರಿಬೇವು, ದಾಸವಾಳ, ಮೆಂತ್ಯ, ಒಂದೆಲಗ, ಗರುಗದ ಸೊಪ್ಪು, ನೆಲ್ಲಿಕಾಯಿ. ಒಂದೊಂದು ಮನೆಗೆ ಒಂದೊಂದು ಪಾಕ. ಇವುಗಳಿಂದ ಕೂದಲು ಹುಟ್ಟುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ. ಆದರೆ ಪರಿಮಳ ಚೆನ್ನಾಗಿರುತ್ತದೆ, ಹಚ್ಚಿಕೊಳ್ಳುವ ಮನಸ್ಸು ಬರುತ್ತದೆ, ಒಳಗೆ ಏನಿದೆ ಎನ್ನುವುದು ನಿಮಗೆ ಗೊತ್ತಿರುತ್ತದೆ. ಅಷ್ಟಕ್ಕಾದರೂ ಮಾಡಬೇಕು ಎನ್ನುವವಳು ನಾನು.

ಕಾಲು ಲೀಟರ್ ಕೊಬ್ಬರಿ ಎಣ್ಣೆಗೆ ಎರಡು ಹಿಡಿ ಕರಿಬೇವು, ನಾಲ್ಕೈದು ಕೆಂಪು ದಾಸವಾಳ, ಒಂದು ಚಮಚ ಮೆಂತ್ಯ ಸಾಕು. ಸೊಪ್ಪು, ಹೂವನ್ನು ತೊಳೆದು ಬಟ್ಟೆಯ ಮೇಲೆ ಹರಡಿ ನೆರಳಿನಲ್ಲಿ ಪೂರ್ತಿ ಒಣಗಿಸಿ. ಮನೆಯೆಣ್ಣೆ ಕೆಡುವುದು ಹೆಚ್ಚಾಗಿ ಉಳಿದುಹೋದ ನೀರಿನಿಂದಲೇ. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಹಾಕಿ, ಉರಿ ಆದಷ್ಟು ಸಣ್ಣದಿಟ್ಟು ಸೊಪ್ಪು, ಹೂ ಸೇರಿಸಿ. ಮೊದಲು ಸೊಪ್ಪಿನ ಸುತ್ತ ಸಣ್ಣ ಗುಳ್ಳೆಗಳೆದ್ದು ಸುಯ್ ಎನ್ನುತ್ತದೆ. ಆಗಾಗ ಕೈಯಾಡಿಸಿ. ಗುಳ್ಳೆ ಕಡಿಮೆಯಾಗುತ್ತಾ ಶಬ್ದ ಅಡಗುತ್ತದೆ, ಎಣ್ಣೆ ತಿಳಿ ಹಸಿರಿಗೆ ತಿರುಗುತ್ತದೆ. ಒಂದು ಎಲೆ ತೆಗೆದು ಆರಿಸಿ ಮುರಿದು ನೋಡಿ. ಪುಡಿಪುಡಿಯಾದರೆ ನೀರು ಹೋಗಿದೆ. ಆಗ ಒಲೆ ಆರಿಸಿ, ಆ ಬಿಸಿಗೇ ಮೆಂತ್ಯ ಹಾಕಿ. ಮೊದಲೇ ಹಾಕಿದರೆ ಮೆಂತ್ಯ ಸೀದು ಎಣ್ಣೆಯೆಲ್ಲ ಕಹಿ ವಾಸನೆ ಹೊಡೆಯುತ್ತದೆ. ಎಲೆ ಕಪ್ಪಾಗುವವರೆಗೂ ಕಾಯಿಸಬೇಡಿ, ಹೊಗೆ ಬಂದರೆ ಎಣ್ಣೆ ಕೆಟ್ಟಿತು.

ನೀರು ಉಳಿದಿದೆಯೇ ಎಂದು ನೋಡಲು ತೈಲ ಮಾಡುವವರ ಹಳೇ ಉಪಾಯವಿದೆ. ಹತ್ತಿ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಹಚ್ಚಿ. ಚಟಪಟ ಎಂದರೆ ನೀರಿದೆ, ಇನ್ನಷ್ಟು ಕಾಯಬೇಕು. ಸದ್ದಿಲ್ಲದೆ ಉರಿದರೆ ಆಯಿತು. ಬಾಣಲೆಯಿಂದ ದೂರ ನಿಂತು ಮಾಡಿ. ಒಂದೆಲಗ, ಗರುಗದಂಥ ರಸ ತುಂಬಿದ ಸೊಪ್ಪುಗಳನ್ನು ಹಾಕುವಾಗ ಈ ಪರೀಕ್ಷೆ ಬಿಡಬೇಡಿ. ಆಯುರ್ವೇದದ ಸಾಂಪ್ರದಾಯಿಕ ಅಳತೆಯಲ್ಲಿ ಅರೆದ ಸೊಪ್ಪು 1 ಪಾಲು, ಎಣ್ಣೆ 4 ಪಾಲು, ಕಷಾಯ ಅಥವಾ ರಸ 16 ಪಾಲು. ಅಷ್ಟು ನೀರು ಇಂಗಿಸುವುದಕ್ಕೆ ಗಂಟೆಗಟ್ಟಲೆ ಬೇಕು, ತಾಳ್ಮೆಯೂ ಬೇಕು. ಹಾಗಾಗಿ ಮೊದಲ ಸಲ ಮಾಡುವವರು ಒಣ ಸೊಪ್ಪಿನಿಂದಲೇ ಮಾಡಿ.

ತಣ್ಣಗಾದ ಮೇಲೆ ತೆಳು ಪಂಚೆ ಬಟ್ಟೆಯಲ್ಲಿ ಸೋಸಿ, ಒಣ ಗಾಜಿನ ಬಾಟಲಿಗೆ ತುಂಬಿ, ತಾರೀಕು ಬರೆದಿಡಿ. ಬಿಸಿಲು ತಾಕದ ಕಡೆ ಇಡಿ, ಒದ್ದೆ ಕೈ ಅದ್ದಬೇಡಿ. ಎರಡು ಮೂರು ತಿಂಗಳಲ್ಲಿ ಮುಗಿಸಿ. ಕಮಟು ವಾಸನೆ ಬಂದರೆ ತಲೆಗೂ ಬೇಡ.

ಹಂತ 5: ಹಚ್ಚುವುದು

ಹೊಸ ಎಣ್ಣೆ ಯಾವುದೇ ಇರಲಿ, ಮೊದಲು ಮೊಣಕೈ ಒಳಬದಿಗೆ ಎರಡು ಹನಿ ಹಚ್ಚಿ ಒಂದೆರಡು ದಿನ ಗಮನಿಸಿ. ಕೆಂಪಾದರೆ, ತುರಿಸಿದರೆ ಅದು ನಿಮ್ಮದಲ್ಲ.

ಎಣ್ಣೆಯನ್ನು ನೇರ ಒಲೆಯ ಮೇಲಿಡುವುದು ಬೇಡ. ಬಟ್ಟಲಿಗೆ ಹಾಕಿ ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿ, ಉಗುರುಬೆಚ್ಚಗಾದರೆ ಸಾಕು. ಗಿಡ್ಡ ಕೂದಲಿಗೆ ಒಂದು ಚಹಾ ಚಮಚ, ಸೊಂಟದವರೆಗಿನ ದಪ್ಪ ಜಡೆಗೆ ಮೂರು ಚಮಚ. ಸೋರುವಷ್ಟು ಹಚ್ಚಿದರೆ ಲಾಭ ಜಾಸ್ತಿಯಾಗುವುದಿಲ್ಲ, ಅದನ್ನು ಬಿಡಿಸಲು ಶ್ಯಾಂಪೂ ಜಾಸ್ತಿ ಬೇಕಾಗುತ್ತದೆ, ಕೂದಲು ಮತ್ತೆ ಒಣಗುತ್ತದೆ.

ಮೊದಲು ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕು ಬಿಡಿಸಿ, ನಿಧಾನವಾಗಿ ಮೇಲಕ್ಕೆ ಬನ್ನಿ. ಎಣ್ಣೆಯನ್ನೂ ತುದಿಯಿಂದ ಶುರು ಮಾಡಿ. ಅಂಗೈಗೆ ಸ್ವಲ್ಪ ಸವರಿಕೊಂಡು ಕೂದಲಿನ ಕೆಳ ಅರ್ಧಕ್ಕೆ ನೀವಿ. ಉಳಿದದ್ದನ್ನು ಮೇಲಕ್ಕೆ ತನ್ನಿ. ನೆತ್ತಿ ಒಣ ಇದ್ದವರು ಬೈತಲೆ ತೆಗೆದು, ಬೆರಳ ತುದಿಯಿಂದ ಗೆರೆಗೆರೆಯಾಗಿ ಹಚ್ಚಿ ಐದು ನಿಮಿಷ ಮೆಲ್ಲಗೆ ಒತ್ತಿ. ಉಗುರು ತಾಕಿಸಬೇಡಿ, ಪರಪರ ಉಜ್ಜಬೇಡಿ, ತಲೆಗೆ ಬಡಿಯಬೇಡಿ. ಜಿಡ್ಡು ನೆತ್ತಿಯವರು ಈ ಭಾಗ ಬಿಟ್ಟುಬಿಡಬಹುದು.

ಆಮೇಲೆ ಸಡಿಲವಾಗಿ ಜಡೆ ಹೆಣೆಯಿರಿ. ಎಣ್ಣೆ ಹಚ್ಚಿ ಬಿಗಿದು ಎರಡು ಜಡೆ ಹಾಕುವ ಅಭ್ಯಾಸ ಶಾಲೆಗಳಲ್ಲಿ ಇನ್ನೂ ಇದೆ. ವರ್ಷಗಟ್ಟಲೆ ಹಾಗೆ ಎಳೆದರೆ ಹಣೆಯಂಚಿನ ಕೂದಲು ಖಾಯಂ ಹೋಗುವ ಸಾಧ್ಯತೆ ಇದೆ. ಇದನ್ನು ಹೆಣ್ಣುಮಕ್ಕಳ ತಾಯಂದಿರು ದಯವಿಟ್ಟು ಗಮನಿಸಬೇಕು.

ಎಷ್ಟು ಹೊತ್ತು? ಕನಿಷ್ಠ ಒಂದು ಗಂಟೆ. ಕೊಬ್ಬರಿ ಎಣ್ಣೆ ಒಳಗಿಳಿಯಲು ಹೊತ್ತು ಬೇಕು, ತುಂಬ ಹಾಳಾದ ಕೂದಲಿದ್ದರೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಬಹುದು. ಹಣೆಯಲ್ಲಿ ಮೊಡವೆ ಏಳುವವರು ರಾತ್ರಿಯಿಡೀ ಬಿಡಬೇಡಿ. ವಾರಕ್ಕೆ ಒಂದು ಅಥವಾ ಎರಡು ಸಲ ಸಾಕು. ಎಣ್ಣೆ ತಲೆಯಲ್ಲೇ ಮೂರು ನಾಲ್ಕು ದಿನ ಬಿಸಿಲಲ್ಲಿ ಓಡಾಡಿದರೆ ಧೂಳು ಮೆತ್ತಿಕೊಳ್ಳುತ್ತದೆ.

ಹಂತ 6: ತೊಳೆಯುವುದು

ಸೀಗೆಪುಡಿ ಬಳಸುವವರು ಅದನ್ನು ಅನ್ನದ ಗಂಜಿಯಲ್ಲಿ ಕಲಸಿ ಅರ್ಧ ಗಂಟೆ ನೆನೆಯಲು ಬಿಡಿ. ಪುಡಿ ನುಣ್ಣಗೆ ಜರಡಿ ಹಿಡಿದಿರಬೇಕು, ತರಿ ಇದ್ದರೆ ಕೂದಲನ್ನು ಗೀರುತ್ತದೆ. ಅಂಟುವಾಳ ಸೇರಿಸಿದರೆ ಜಿಡ್ಡು ಚೆನ್ನಾಗಿ ಬಿಡುತ್ತದೆ. ಕಣ್ಣು ಜೋಪಾನ, ಉರಿ ತಡೆಯಲಾಗುವುದಿಲ್ಲ.

ಶ್ಯಾಂಪೂ ಆದರೆ ಮಗ್ಗಿನಲ್ಲಿ ಸ್ವಲ್ಪ ನೀರಿಗೆ ಬೆರೆಸಿ ಮೊದಲು ನೆತ್ತಿಗೆ ಹಚ್ಚಿ. ಇಳಿಯುವ ನೊರೆಯೇ ಕೂದಲಿನ ಉದ್ದಕ್ಕೆ ಸಾಕು. ಗಡಸು ನೀರಿರುವ ಮನೆಯಲ್ಲಿ ಸ್ನಾನದ ಸೋಪಿನಿಂದ ತಲೆ ತೊಳೆಯಲೇಬೇಡಿ. ನೀರಿನ ಸುಣ್ಣದಂಶ ಸೋಪಿನೊಡನೆ ಸೇರಿ ಬಿಳಿ ಮೇಣದಂತೆ ಕೂದಲಿಗೆ ಹಿಡಿಯುತ್ತದೆ. ಎಣ್ಣೆ ಹೋಗಿಲ್ಲ ಎಂದುಕೊಂಡು ಮತ್ತೆಮತ್ತೆ ಉಜ್ಜುವವರಲ್ಲಿ ಎಷ್ಟೋ ಜನರ ತೊಂದರೆ ಇದೇ. ಸಾಧ್ಯವಾದರೆ ಕೊನೆಯ ಎರಡು ಮಗ್ ಫಿಲ್ಟರ್ ನೀರು ಅಥವಾ ಮಳೆನೀರು ಹಾಕಿಕೊಳ್ಳಿ. ಒದ್ದೆ ಕೂದಲು ಬೇಗ ತುಂಡಾಗುತ್ತದೆ. ಟವೆಲಿನಿಂದ ಬಡಿದು ಒಣಗಿಸುವ ಬದಲು ಹಳೇ ಕಾಟನ್ ಬಟ್ಟೆಯಲ್ಲಿ ಸುತ್ತಿ ನೀರು ಹೀರಲು ಬಿಡಿ.

ಒಂದು ಎಣ್ಣೆಯನ್ನು ಎರಡು ತಿಂಗಳಾದರೂ ನೋಡಿ, ಆ ಅವಧಿಯಲ್ಲಿ ಶ್ಯಾಂಪೂ ಬದಲಿಸಬೇಡಿ. ಮತ್ತೆ ಬಿಳಿ ಕಾಗದದ ಪರೀಕ್ಷೆ ಮಾಡಿ. ಗಿಡ್ಡ ತುಂಡುಗಳು ಕಡಿಮೆಯಾಗಿದ್ದರೆ ಎಣ್ಣೆ ಸರಿಹೊಂದಿದೆ.

ಎಣ್ಣೆ ಬೇಡವಾದ ಕಡೆ

ತಲೆಹೊಟ್ಟು ಬಂದರೆ ನಮ್ಮಲ್ಲಿ ಮೊದಲು ಮಾಡುವ ಕೆಲಸ ಎಣ್ಣೆ ಹಚ್ಚುವುದು. ಪದರು ಮೆತ್ತಗಾಗಿ ಕಾಣದಂತಾಗುತ್ತದೆ, ಹೋಗುವುದಿಲ್ಲ. ತಲೆಹೊಟ್ಟಿನ ಹಿಂದೆ ಮಲಸೇಜಿಯಾ ಎಂಬ ಫಂಗಸ್ ಇರುತ್ತದೆ, ಅದಕ್ಕೆ ಕೊಬ್ಬಿನ ಆಮ್ಲಗಳೇ ಆಹಾರ. ಎಣ್ಣೆ ನೆತ್ತಿಯಲ್ಲಿ ಉಳಿದಷ್ಟೂ ಹಲವರಿಗೆ ತುರಿಕೆ ಜಾಸ್ತಿಯಾಗುತ್ತದೆ. ಅಂಥವರು ಕೂದಲಿನ ಉದ್ದಕ್ಕೆ ಮಾತ್ರ ಎಣ್ಣೆ ಹಚ್ಚಿ, ನೆತ್ತಿಗೆ ಫಂಗಸ್ ತಡೆಯುವ ಕೀಟೊಕೊನಜೋಲ್‌ನಂಥ ಔಷಧಿಯ ಶ್ಯಾಂಪೂವನ್ನು ವೈದ್ಯರನ್ನು ಕೇಳಿ ಬಳಸಿ.

ಹೇನಿಗೆ ಎಣ್ಣೆಯೊಂದೇ ಮದ್ದಲ್ಲ. ಎಣ್ಣೆ ಹಚ್ಚಿದಾಗ ಹೇನಿನ ಓಡಾಟ ನಿಧಾನವಾಗಿ ಸೀರಣಿಗೆಗೆ ಸುಲಭವಾಗಿ ಸಿಗುತ್ತವೆ, ಅಷ್ಟು ಉಪಯೋಗ. ಸೀರು ಮರಿಯಾಗುತ್ತಲೇ ಇರುತ್ತದೆ, ಹಾಗಾಗಿ ಎರಡು ವಾರ ಬಿಡದೆ ಬಾಚಬೇಕು. ಸೀಮೆಎಣ್ಣೆ ಯಾವ ಕಾರಣಕ್ಕೂ ಹಚ್ಚಬೇಡಿ, ಬೆಂಕಿಯ ಅಪಾಯ.

ಕೂಸುಗಳಿಗೆ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ, ನೆತ್ತಿಯ ಮೆತ್ತಗಿನ ಸುಳಿಯ ಮೇಲೆ ಒತ್ತಬೇಡಿ. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಲ್ಲದು. ಎಣ್ಣೆಗೆ ಕರ್ಪೂರ ಬೆರೆಸುವುದೂ ಚಿಕ್ಕ ಮಕ್ಕಳಿಗೆ ಅಪಾಯ, ಫಿಟ್ಸ್ ಬರುವ ಸಾಧ್ಯತೆ ಇದೆ.

ಇನ್ನು ಬುಡದಿಂದ ಉದುರುವ ಕೂದಲು. ಡೆಂಗಿ, ಟೈಫಾಯ್ಡ್‌ನಂಥ ಜೋರು ಜ್ವರ ಬಂದ ಎರಡು ಮೂರು ತಿಂಗಳಿಗೆ, ಹೆರಿಗೆಯಾದ ಮೂರ್ನಾಲ್ಕು ತಿಂಗಳಿಗೆ ಹಿಡಿಹಿಡಿ ಉದುರುವುದು ಸಾಮಾನ್ಯ. ಹೆಚ್ಚಾಗಿ ಆರು ತಿಂಗಳು, ವರ್ಷದೊಳಗೆ ತಾನಾಗಿ ಸರಿಹೋಗುತ್ತದೆ. ಆ ಸಮಯದಲ್ಲಿ ಹಚ್ಚುತ್ತಿದ್ದ ಎಣ್ಣೆಗೆ ಉದುರುವುದನ್ನು ನಿಲ್ಲಿಸಿದ ಹೆಸರು ಬಂದುಬಿಡುತ್ತದೆ. ಅದರಾಚೆಗೂ ನಿಲ್ಲದಿದ್ದರೆ, ಬೈತಲೆ ಅಗಲವಾಗುತ್ತಿದ್ದರೆ, ನಾಣ್ಯದಗಲ ಬೋಳು ಕಂಡರೆ, ನೆತ್ತಿಯಲ್ಲಿ ಕೀವು, ನೋವು ಇದ್ದರೆ ಚರ್ಮರೋಗ ತಜ್ಞರ ಬಳಿ ಹೋಗಿ. ಅವರು ಸಾಮಾನ್ಯವಾಗಿ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದಂಶದ ಸಂಗ್ರಹ), ಥೈರಾಯ್ಡ್ ಪರೀಕ್ಷೆ ಬರೆಯುತ್ತಾರೆ. ಮುಟ್ಟು ಏರುಪೇರಾಗಿದ್ದರೆ ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆ ಇದೆಯೇ ಎಂದೂ ನೋಡುತ್ತಾರೆ. ಹೋಗುವ ದಿನ ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಬೇಡಿ, ನೆತ್ತಿ ಸರಿಯಾಗಿ ಕಾಣುವುದಿಲ್ಲ. ಬಳಸುತ್ತಿರುವ ಎಣ್ಣೆ ಬಾಟಲಿಯ ಹಿಂಬದಿಯ ಫೋಟೊ ತೆಗೆದುಕೊಂಡು ಹೋಗಿ.